ಕಡೇ ಮನೆಯ ಚೇಂಬರು

ಸಾಲಗಾಮೆ ರಸ್ತೆಯಿಂದ ಇಳಿದು ಬರುವ ನಮ್ಮ ಬೀದಿಗೆ
ಹನ್ನೊಂದು ಮನೆ. ಕಡೆಯದು ನನ್ನದು.
ಮೇಲಿನವರು ಮಿಂದದ್ದು, ಮುಕ್ಕಳಿಸಿದ್ದು, ಅಕ್ಕಿ ತೊಳೆದದ್ದು,
ಯಾರಿಗೂ ಹೇಳದೆ ಚೆಲ್ಲಿದ ಹಳಸಿದ ಸಾರು,
ಎಲ್ಲವೂ ನನ್ನ ಹೊಸ್ತಿಲ ಮುಂದೆ ಹಾದೇ ಹೋಗಬೇಕು.
ಹೋಗುತ್ತಿದ್ದರೆ ಯಾರಿಗೆ ನೆನಪಾಗುತ್ತದೆ?
ನಿಂತಿತು, ಯುಗಾದಿ ಕಳೆದ ಮೂರನೇ ದಿನ.

ಮೊದಲು ಗುಳುಗುಳು ಅಂದಿತು ಬಚ್ಚಲು.
ಆಮೇಲೆ ಬೇರೆಯವರ ಶ್ಯಾಂಪೂ ನೊರೆ
ನನ್ನ ಜಾಲರಿಯಲ್ಲಿ ಕಣ್ಣು ಬಿಟ್ಟಿತು.

ಅದೇ ವಾರ ಬಿಲ್ಲು ಹಿಡಿದು ಬಂದ ಧರಣೇಂದ್ರ.
ನೀರು ಇಷ್ಟು, ಮೀಟರ್ ಬಾಡಿಗೆ ಇಷ್ಟು,
ಒಳಚರಂಡಿ ಸೇವಾ ಶುಲ್ಕ ಇಷ್ಟು, ಹಳೇ ಬಾಕಿಗೆ ಬಡ್ಡಿ ಇಷ್ಟು.
"ಸೇವೆ ಎಲ್ಲಪ್ಪಾ?" ಅಂದೆ. "ಬಾ, ಬಚ್ಚಲಲ್ಲಿ ತೋರಿಸು."
ಚಪ್ಪಲಿ ಬಿಡಲಿಲ್ಲ ಅವನು, ಒಳಗೂ ಬರಲಿಲ್ಲ.
"ನಾನು ಕಾಸು ಎಣಿಸೋನು ಕಣಕ್ಕಾ. ಅರ್ಜಿ ಕೊಡಿ."

ಕೊಟ್ಟೆ. ಒಂದಲ್ಲ, ನಾಲ್ಕು.
ಮೇಲಿನ ಮನೆಗಳವರು ಸಿಕ್ಕಿದ್ದೆಲ್ಲ ಸುರಿಯುತ್ತಾರೆ,
ಅನುಭವಿಸುವವಳು ನಾನು, ಶುಲ್ಕ ಮಾತ್ರ ಸಮಸಮ.
ಹೆಸರು ಬರೆಯಲಿಲ್ಲ. ಎರಡನೇ ಅರ್ಜಿಯಲ್ಲಿ
"ಮಹಡಿ ಮನೆ" ಎಂದು ಸೇರಿಸಿದೆ.
ಬೀದಿಯಲ್ಲಿ ಮಹಡಿ ಇರುವುದು ಪಂಕಜಾಕ್ಷಿಯ ಮನೆಯೊಂದಕ್ಕೇ.

ಹದಿನೆಂಟು ದಿನ. ಪಾತ್ರೆ ತೊಳೆದ ನೀರನ್ನು ಹೊತ್ತು
ಹಿತ್ತಲ ಬಾಳೆಗೆ ಸುರಿದೆ; ಬಾಳೆಯೂ ಸಾಕು ಅಂದಿತು.
ರವಿಕೆ ಹೊಲಿಸಲು ಬಂದವರು ಗೇಟಿನಲ್ಲೇ
ಸೆರಗಿನಿಂದ ಮೂಗು ಮುಚ್ಚಿ, ಅಳತೆ ರವಿಕೆ ಎಸೆದು ಹೋದರು.
ಊದಿನಕಡ್ಡಿಯ ಖರ್ಚು ಶುಲ್ಕವನ್ನು ಮೀರಿತು.
ಯಾರೋ ಅಂದರು, ಮನೆಗೆ ಮುನ್ನೂರು ಹಾಕಿ
ಒಬ್ಬನನ್ನು ಕರೆಸಿ ಇಳಿಸಿಬಿಡೋಣ, ಕತ್ತಲಾದ ಮೇಲೆ.
ಇಳಿಸುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.
ನಾನು ಬೇಡ ಅಂದೆ ಎಂದು ಬರೆಯಬಹುದು.
ಸುಳ್ಳು. ಪರ್ಸಿಗೆ ಕೈ ಹಾಕಿದ್ದೆ.
ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಜೆಟ್ಟಿಂಗ್ ಲಾರಿ ಹಾರನ್ ಹೊಡೆಯಿತು.

ಪೆಂಚಲಯ್ಯ ಮುಚ್ಚಳದ ಕಿವಿಗೆ ಕೊಕ್ಕೆ ಸಿಕ್ಕಿಸಿ ಎಬ್ಬಿಸಿದ.
ಜಿರಲೆಗಳು ಬಿಸಿಲು ಕಂಡು ಹೌಹಾರಿ ಓಡಿದವು.
ಗಾಳಿ ಹೋಗಲಿ ಎಂದು ದೂರ ಕೂತ,
ಕಿವಿಯ ಹಿಂದಿನ ಬೀಡಿ ಕಿವಿಯ ಹಿಂದೆಯೇ.
"ಇಲ್ಲಿ ಕಡ್ಡಿ ಗೀರಬಾರದಮ್ಮಾ. ನನ್ನ ತಮ್ಮ ಗೀರಿದ್ದ."
ಮುಂದೆ ಹೇಳಲಿಲ್ಲ. ಪೈಪು ಬಿಟ್ಟ.
ಲಾರಿ ಗುಡುಗಿತು, ನೆಲದಡಿ ಏನೋ ಕೆಮ್ಮಿತು,
ಕಂಬಿಯ ತುದಿಗೆ ಸುತ್ತಿಕೊಂಡು ಮೇಲೆ ಬಂತು
ಎಮ್ಮೆ ಬಾಲದಷ್ಟು ಉದ್ದದ, ಕರಿಗಟ್ಟಿದ ಜಡೆ.

ಬೀದಿಯೇ ಸುತ್ತ ನಿಂತಿತ್ತು. ಪಂಕಜಾಕ್ಷಿಯೂ, ಮಹಡಿಯಿಂದಿಳಿದು.
ಒಂದು ಬಕೆಟ್ ನೀರು ಹೊಯ್ದ. ಕರಿ ಹರಿದು
ಬಣ್ಣ ಕಾಣತೊಡಗಿತು:
ಅರಿಶಿನ ಲೈನಿಂಗು, ಪೈಪಿಂಗಿನ ಗುಲಾಬಿ ಚೂರು,
ಸೀರೆ ಫಾಲಿನ ಅಂಚು, ಓವರ್‌ಲಾಕ್ ದಾರದ ಗೂಡು,
ನವಿಲು ಹಸಿರಿನ ಬೆರಳುದ್ದ ರೇಷ್ಮೆ.
ಆ ಹಸಿರನ್ನು ನಾನು ಮರೆಯಲಾರೆ. ತೋಳು ಬಿಗಿಯೆಂದು
ಪಂಕಜಾಕ್ಷಿ ಎರಡು ಸಲ ಬಿಚ್ಚಿಸಿದ್ದಳು.

ಮೆಷಿನ್ ಕೋಣೆ ಗುಡಿಸಿ, ಒರೆಸಿ, ಆ ನೀರನ್ನು
ಬಚ್ಚಲಿಗೆ ಬಗ್ಗಿಸಿದ್ದು ಹನ್ನೆರಡು ವರ್ಷ.
ದಾರ ತಾನೇ, ಎಷ್ಟು ಮಹಾ.

ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.
ಪೆಂಚಲಯ್ಯ ಮಾತ್ರ, ಗೋಣಿಗೆ ತುಂಬುತ್ತಾ,
"ಹೊಲಿಗೆ ಗಟ್ಟಿ ಐತೆ ಕಣಮ್ಮ" ಅಂದ.
ನಕ್ಕನೋ ಏನೋ, ನೋಡಲಿಲ್ಲ ನಾನು.
ಅವನಿಗೆ ಟೀ ಕೊಟ್ಟೆ. ಯಾವ ಲೋಟದಲ್ಲಿ ಎಂದು
ಒಂದು ಗಳಿಗೆ ಕೈ ತಡೆದದ್ದನ್ನೂ ಬರೆದಿಡುತ್ತೇನೆ.

ಮರುದಿನ ಬಿಲ್ ಕೌಂಟರಿನಲ್ಲಿ
ಬಾಕಿ, ಬಡ್ಡಿ, ಶುಲ್ಕ ಎಲ್ಲ ಕಟ್ಟಿದೆ.
ಆ ನಾಲ್ಕು ಅರ್ಜಿ ವಾಪಸ್ ಕೊಡಪ್ಪಾ, ಅಂದೆ.
"ವಾಪಸ್ ತಗೊಳ್ಳೋಕೂ ಒಂದು ಅರ್ಜಿ ಕೊಡಬೇಕಕ್ಕಾ"
ಅಂದ ಧರಣೇಂದ್ರ, ತಲೆಯೆತ್ತದೆ.

ಬಿಳಿ ಹಾಳೆ ಕೊಂಡು ಕೂತಿದ್ದೇನೆ ಮೆಷಿನ್ನಿನ ಮುಂದೆ.
"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬಲ್ಲಿಗೆ ಬಂದು
ನಿಂತಿದೆ ಪೆನ್ನು.